ಹಳೆ ಎಂಜಿನ್ನು ಆರುವ ಮುನ್ನ

ನಮ್ಮ ಊರಿನಲ್ಲಿ ಗಾಡಿಯಿಂದ ಇಳಿಸಿದ ಹಳೆ ಎಂಜಿನ್ನಿಗೆ ಕಂಬಳಿ ಹೊದಿಸುತ್ತಾರೆ. ಕೆಳಗೆ ಒಂದು ಮೊಳ ದಪ್ಪ ಭತ್ತದ ಹೊಟ್ಟು, ಸುತ್ತಲೂ ಬೂದಿ, ಮೇಲೆ ಮೂರು ಕಂಬಳಿ. ಹಾಗೆ ಮಲಗಿಸಿದರೆ ಮಾರನೆಯ ದಿನ ಮಧ್ಯಾಹ್ನದವರೆಗೂ ಬಿಸಿ ಹಿಡಿದುಕೊಂಡಿರುತ್ತದೆ. ಅದು ಆರುವುದರೊಳಗೆ ಗಾಡಿಗೆ ಅದರ ದಾರಿಗಳನ್ನೆಲ್ಲ ಹೇಳಿ ಮುಗಿಸಬೇಕು. ಹೇಳದೆ ಬಿಟ್ಟ ದಾರಿಯನ್ನು ಗಾಡಿ ಮರೆತುಬಿಡುತ್ತದೆ. ಆಮೇಲೆ ಇಬ್ಬರು ಸೇರಿ ಸ್ಟೇರಿಂಗ್ ತಿರುಗಿಸಿದರೂ ಅದು ಆ ಕಡೆ ಹೊರಳುವುದಿಲ್ಲ. ಆರಿದ ಎಂಜಿನ್ನನ್ನು ಬೆಂಕಿಯಿಟ್ಟು ಮತ್ತೆ ಕಾಯಿಸಿ ನೋಡಿದವರೂ ಇದ್ದಾರೆ. ಪ್ರಯೋಜನವಿಲ್ಲ. ಆ ಬಿಸಿ ಬೇರೆ.

ಇಲ್ಲಿ ಓಡಾಡುವುದೆಲ್ಲ ಅಮೆರಿಕದ ಹಳೆಯ ಗಾಡಿಗಳು. ನಮ್ಮ ಅಜ್ಜಂದಿರ ಕಾಲದಲ್ಲಿ ಗುಡ್ಡ ಕೊರೆಯಲು ಬಂದಿದ್ದವರು ಕೊರೆದಷ್ಟು ಕೊರೆದು, ಏನೂ ಸಿಕ್ಕದೆ, ಕಾರು ಪಿಕಪ್ಪುಗಳನ್ನು ನಿಂತಲ್ಲೇ ಬಿಟ್ಟು ಹೋದರಂತೆ. ಹೊಸ ಗಾಡಿಗಳು ಇತ್ತ ಬಂದರೆ ಊರಾಚೆಯ ಸೇತುವೆಯ ಬಳಿ ಸುಮ್ಮನೆ ನಿಂತುಬಿಡುತ್ತವೆ. ಆದ್ದರಿಂದ ನಾವು ಇರುವುದನ್ನೇ ರಿಪೇರಿ ಮಾಡಿಕೊಂಡು ಬಂದಿದ್ದೇವೆ. ತುಕ್ಕು ತಿಂದ ತಗಡು ಕತ್ತರಿಸಿ ಹೊಸ ತುಂಡು ಬೆಸೆಯುವುದು, ಮಡ್‌ಗಾರ್ಡಿನ ಡೊಂಕು ತಟ್ಟುವುದು, ಆರು ವೋಲ್ಟಿನ ವೈರು ಕಿತ್ತು ಹನ್ನೆರಡು ವೋಲ್ಟಿನದು ಎಳೆಯುವುದು, ಡ್ರಮ್ ಬ್ರೇಕು ತೆಗೆದು ಡಿಸ್ಕ್ ಬ್ರೇಕು ಕೂರಿಸುವುದು, ಇವೆಲ್ಲಕ್ಕೂ ಗವಿಯಪ್ಪ ಮೇಸ್ತ್ರಿಯ ಗ್ಯಾರೇಜೇ ಗತಿ. ಬಣ್ಣಕ್ಕೆ, ಬಾಗಿಲಿಗೆ, ಸೀಟಿಗೆ ದಾರಿ ಹೇಳಬೇಕಾದ್ದಿಲ್ಲ. ಎಂಜಿನ್ನು, ಸ್ಟೇರಿಂಗು, ಬ್ರೇಕುಗಳಿಗೆ ಮಾತ್ರ ಹೇಳಲೇಬೇಕು. ಕಾಂಪೌಂಡರ್ ಮಾಧವರಾಯರು ಅವಸರಕ್ಕೆ ಬಿದ್ದು, ಏನೂ ಹೇಳಿಸದೆ ತಮ್ಮ ಪ್ಲಿಮತ್ ಕಾರಿಗೆ ಹೊಸ ಬ್ರೇಕು ಹಾಕಿಸಿಕೊಂಡರು. ಅಂದಿನಿಂದ ಅದು ಅವರ ಮನೆ ದಾಟಿ ಮೂರನೆಯ ಮನೆಯ ಮುಂದೆ ನಿಲ್ಲುತ್ತದೆ. ರಾಯರು ಈಗ ಅಲ್ಲಿಯೇ ಒಂದು ಕಲ್ಲುಬೆಂಚು ಹಾಕಿಸಿಕೊಂಡಿದ್ದಾರೆ. ಔಷಧಿ ಬೇಕಾದವರು ಆ ಬೆಂಚಿನ ಹತ್ತಿರ ಹೋಗುತ್ತಾರೆ.

ಗವಿಯಪ್ಪನ ಗ್ಯಾರೇಜಿನಲ್ಲಿ ನಾನು ಕೇಳುವವನು. ಪ್ರತಿ ಗಾಡಿಯ ದಾರಿಗೂ ಪದ್ಯವುಂಟು. ಗಾಡಿ ಹೊಸ ಊರು ಕಲಿತಂತೆ ಪದ್ಯವೂ ಬೆಳೆಯುತ್ತದೆ. ಕಾಗದ ಹಿಡಿದು ಹೇಳುವಂತಿಲ್ಲ. ಹೇಳುವವರಿಗೂ ಕೇಳುವವನಿಗೂ ಬಾಯಿಗೆ ಬಂದಿರಬೇಕು. ಅವರು ಗಾಡಿಯ ಮೂತಿಯ ಎದುರು ಮಣೆಯ ಮೇಲೆ ಕೂತು ಹೇಳುತ್ತಾರೆ. ನಾನು ಪಕ್ಕದ ಮಣೆಯ ಮೇಲೆ ಕೂತು ಕೇಳುತ್ತೇನೆ. ಎಲ್ಲಾದರೂ ಒಂದು ನುಡಿ ಬಿಟ್ಟುಹೋದರೆ ಕೈ ಎತ್ತಬೇಕು. ಅಷ್ಟೇ ನನ್ನ ಕೆಲಸ. ಕೈ ಎತ್ತಿದರೆ ಅವರು ಹಿಂದಕ್ಕೆ ಹೋಗಿ, ಬಿಟ್ಟದ್ದನ್ನು ಹೇಳಿ, ಮುಂದುವರಿಯುತ್ತಾರೆ. ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ಮಂಗಳ ಹಾಡಿ ಮುಗಿಸಿದ ಮೇಲೆ ತಪ್ಪು ಗೊತ್ತಾದರೆ ಮಾತ್ರ ಕಟ್ಟಳೆ ಬೇರೆ. ಎಂಜಿನ್ನು ಬಿಸಿಯಿದ್ದರೆ ಮೊದಲಿನಿಂದ ಮತ್ತೆ ಹೇಳಿಸಬಹುದು. ಆದರೆ ತಪ್ಪಿದ್ದು ಹೇಳುವವರಾದರೆ ಅದೇ ಅವರ ಕೊನೆಯ ಹೇಳಿಕೆ. ತಪ್ಪಿದ್ದು ಕೇಳುವವನಾದರೆ ಅವನು ಮತ್ತೆ ಹೇಳಿಕೆ ಶುರುವಾಗುವ ಮುನ್ನ ಅಂಗಳ ಬಿಟ್ಟು ಹೊರಗೆ ನಡೆಯಬೇಕು, ಮತ್ತೆ ಕೂರುವಂತಿಲ್ಲ.

ನಮ್ಮಲ್ಲಿ ದಾರಿ ಹೇಳುವವರು ನರಹರಯ್ಯನವರು. ಎಪ್ಪತ್ತೆಂಟು ವರ್ಷ. ನಾನು ಏಳು ವರ್ಷದವನಿದ್ದಾಗ ನಮ್ಮಪ್ಪ ನನ್ನನ್ನು ಅವರ ಜಗುಲಿಯ ಮೇಲೆ ಕೂರಿಸಿ ಹೋದದ್ದು. ನನಗೆ ಕಂಠವಿಲ್ಲ ಎಂದು ಅವರಿಗೆ ಮೊದಲ ವಾರವೇ ತಿಳಿಯಿತು. "ಚಿಂತೆಯಿಲ್ಲ ಶಾಂತು, ನಿನಗೆ ಕಿವಿ ಇದೆ" ಎಂದರು. ಅವರು ಬಾಯಿ ತೆರೆದರೆ ನಾನು ದೇವರ ಮುಂದೆ ಕೂತ ಹಾಗೆ ಕೂರುತ್ತೇನೆ. ಮೂವತ್ತೊಂದು ವರ್ಷದಿಂದ ಅವರ ಪಕ್ಕದ ಮಣೆ ನನ್ನದು. ಒಂದು ದಿನವೂ ಕೈ ಎತ್ತುವ ಪ್ರಸಂಗ ಬಂದಿರಲಿಲ್ಲ.

ಆ ದಿನ ದಾರಿ ಹೇಳಬೇಕಾಗಿದ್ದುದು ದೇವೀರಕ್ಕನ ಡಾಡ್ಜ್ ಪಿಕಪ್ಪಿಗೆ. ದೇವೀರಕ್ಕ ಊರಿನ ಸಂತೆಗೂ ಸುತ್ತಿನ ಹಳ್ಳಿಗಳಿಗೂ ಸರಕು ಸಾಗಿಸುವವಳು. ಗಂಡಸರು ಎತ್ತಲಾರದ ಮೂಟೆಗೆ ತಾನೇ ಹೆಗಲು ಕೊಡುವವಳು. ಗಾಡಿಯ ಆರು ಸಿಲಿಂಡರಿನ ಹಳೆ ಎಂಜಿನ್ನು ಏರಿನಲ್ಲಿ ಹೊಗೆ ಕಾರುತ್ತ ಕಾರುತ್ತ ಕೊನೆಗೆ ಏರನ್ನೇ ಹತ್ತದಂತಾಗಿತ್ತು. ಗವಿಯಪ್ಪ ಎರಡು ತಿಂಗಳು, ಎಂಟು ದಿನಕ್ಕೊಮ್ಮೆ ಬಯಲು ದಾರಿಯ ಒಂದೇ ಓಟಕ್ಕೆ ಬಿಟ್ಟುಕೊಡುತ್ತ, ಉಳಿದ ದಿನ ಗಾಡಿ ಹಿಡಿದುಕೊಂಡು ನೆಲದ ತಗಡು ಬದಲಿಸಿದ್ದ, ಹಿಂದಿನ ತೊಟ್ಟಿಗೆ ಹೊಸ ಹಲಗೆ ಹೊಡೆದಿದ್ದ, ಡೀಸೆಲ್ ಎಂಜಿನ್ನು ಕೂರಲು ಬೇಕಾದ ಕಬ್ಬಿಣದ ಕಾಲುಗಳನ್ನು ಅಳೆದು ಬೆಸೆದು ತಯಾರು ಮಾಡಿಟ್ಟಿದ್ದ. ಹಿಂದಿನ ದಿನ ಮಧ್ಯಾಹ್ನ ಹಳೆಯದನ್ನು ಓಡಿಸಿ, ಬಿಸಿ ಮಾಡಿ, ಚೈನು ಕಟ್ಟಿ ಇಳಿಸಿ ಕಂಬಳಿ ಹೊದಿಸಿದ್ದರು. ಸಂಜೆಯೊಳಗೆ ಹೊಸದು ಕೂತಿತ್ತು.

ದೇವೀರಕ್ಕನ ತಂಗಿ ಚಿಕ್ಕತಾಯಿ ಉಪ್ಪಿನ ಕಟ್ಟೆಯಲ್ಲಿ ಇದ್ದಾಳೆ. ಚೌಳು ಬಯಲಿನಾಚೆ ಉಪ್ಪು ಕಟ್ಟುವವರ ಹದಿನೈದು ಮನೆಗಳ ಕೇರಿ ಅದು. ಅಲ್ಲಿಗೆ ಹೋಗಬಲ್ಲ ಗಾಡಿ ಊರಿಗೆಲ್ಲ ಇದೊಂದೇ. ಚಿಕ್ಕತಾಯಿಗೆ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಸೂಜಿ. ಔಷಧಿಯನ್ನು ಎಂಟು ದಿನಕ್ಕೊಮ್ಮೆ ಐಸಿನಲ್ಲಿಟ್ಟು ಒಯ್ಯಬೇಕು; ಅಲ್ಲಿ ಒದ್ದೆ ಮರಳಿನ ಮಡಕೆಯಲ್ಲಿ ಹುಗಿದಿಟ್ಟರೆ ಅಷ್ಟು ದಿನ ತಡೆಯುತ್ತದೆ. ಬಿಸಿಲಿನಲ್ಲಿ ನಡೆದು ಹೋದರೆ ಒಂದೂವರೆ ದಿನದ ಹಾದಿ. ಅಷ್ಟು ಹೊತ್ತಿಗೆ ಐಸು ನೀರಾಗಿ, ನೀರು ಕಾದು, ಔಷಧಿ ಕೆಟ್ಟಿರುತ್ತದೆ. ಅವಳ ಬಳಿ ಇದ್ದದ್ದು ಆ ದಿನದ ಬೆಳಗಿನ ಸೂಜಿಗೆ ಆಗುವಷ್ಟು ಮಾತ್ರ ಎಂದು ಗ್ಯಾರೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಬೆಳಿಗ್ಗೆ ಏಳೂವರೆಗೆ ನರಹರಯ್ಯನವರು ಮಣೆಯ ಮೇಲೆ ಕೂತರು. ಆ ದಿನ ಅವರ ಕಂಠ ಹೇಗಿತ್ತೆಂದರೆ ಅಂಗಳದಲ್ಲಿ ನೀರು ಕುಡಿಯಲು ಬಂದ ನಾಯಿಯೂ ಬಕೆಟ್ಟಿನ ಬಳಿ ತಲೆಯೆತ್ತಿ ನಿಂತಿತು. ಊರಿನ ಓಣಿಗಳು ಮುಗಿದವು. ತೂಬು, ತೋಪು, ಹಳ್ಳದ ದಾಟು ಮುಗಿದವು. ಪದ್ಯ ಮತ್ತೆ ಊರಿಗೆ ಮರಳಿ, ನಮ್ಮ ಬೀದಿಯ ತುದಿಯ ಕಲ್ಲುಗಾಣದ ಕೂಡುರಸ್ತೆ ಬಂತು. ಅಲ್ಲಿ ಎರಡು ನುಡಿಗಳಿವೆ. ಎರಡರ ಮೊದಲೂ ಒಂದೇ. ಒಂದು, "ಕಲ್ಲುಗಾಣವ ಕಳೆದು ಬಲಕೆ ಹೊರಳೆಲೆ ಮಗುವೆ, ಚೌಳು ಬಯಲಿನ ಏರಿ ನೇರ ಮುಂದೆ." ಉಪ್ಪಿನ ಕಟ್ಟೆಯ ದಾರಿ ಅದು. ಅದರ ಬೆನ್ನಿಗೆ ಮೂರು ನುಡಿ ಆದಮೇಲೆ ಇನ್ನೊಂದು, "ಕಲ್ಲುಗಾಣವ ಕಳೆದು ಎಡಕೆ ತಿರುಗೆಲೆ ಮಗುವೆ, ಸಂತೆ ಬೇವಿನ ನೆರಳು ಅಲ್ಲೆ ಮುಂದೆ." ಇದು ಸಂತೆಯ ದಾರಿ. ನರಹರಯ್ಯನವರು "ಕಲ್ಲುಗಾಣವ ಕಳೆದು" ಎಂದು ರಾಗವನ್ನು ಮೇಲಕ್ಕೆ ಒಯ್ದು, ಅಲ್ಲಿಯೇ ತೂಗಿ ತೂಗಿ, ಇಳಿಸಲು ಮನಸ್ಸಿಲ್ಲದವರ ಹಾಗೆ ನಿಲ್ಲಿಸಿಕೊಂಡರು. ನನ್ನ ಕಣ್ಣುಗಳು ತಾವಾಗಿ ಮುಚ್ಚಿದವು. ಕಣ್ಣಲ್ಲಿ ನೀರು ಬಂದಿತ್ತು. ಕಣ್ಣು ತೆರೆದಾಗ ಪದ್ಯದಲ್ಲಿ ಗಾಡಿ ಸಂತೆಯ ಬೇವಿನ ನೆರಳಿಗೆ ಬಂದಿತ್ತು.

ಅದಕ್ಕೆ ಮೊದಲು ಬಲದ ದಾರಿ ಬಂದಿತ್ತೆ? ಬಂದಿರಲೇಬೇಕು ಎಂದುಕೊಂಡೆ. ಬಂದಿದ್ದರೆ ಚೌಳು ಬಯಲು ನನ್ನ ಕಿವಿಯಲ್ಲಿ ಎಲ್ಲಿ? ಹುಡುಕಿದೆ, ಸಿಗಲಿಲ್ಲ. ಕೈ ತೊಡೆಯ ಮೇಲಿಂದ ಒಂದು ಬೆರಳಿನಷ್ಟು ಎದ್ದಿತು. ಅವರ ಮುಖ ನೋಡಿದೆ. ಅಂಥ ಮುಖದ ಮುಂದೆ ಕೈ ಎತ್ತುವುದು, ಅದೂ ನಾನೇ ಮೈಮರೆತು ಕೂತಿದ್ದಿರಬಹುದಾದಾಗ? ಕೈ ಮತ್ತೆ ತೊಡೆಯ ಮೇಲೆ ಕೂತಿತು. ಮುಂದಿನ ನುಡಿ ಬಂತು, ಅದರ ಮುಂದಿನದು ಬಂತು. ಹತ್ತು ಗಂಟೆಗೆ ಮಂಗಳ ಹಾಡಿದರು.

ಗವಿಯಪ್ಪ ಎದ್ದು ಕೈಮುಗಿದ. "ಅಯ್ನೋರೇ, ಇವತ್ತು ನನ್ನ ನಟ್ಟು ತಿರುಗಿಸೋ ಪಾನೆಗಳೂ ಕೇಳಿಸ್ಕೊಂಡ್ವು ಕಣ್ರೀ."

"ನಿನ್ನ ಪಾನೆ ಕೇಳಿ ಏನು ಬಂತಯ್ಯ? ಅವು ಪೆಟ್ಟಿಗೆ ಬಿಟ್ಟು ಎಲ್ಲಿಗೆ ಹೋಗಬೇಕು?" ಎಂದು ನಗುತ್ತ ಅವರು ನನ್ನ ತೋಳು ಹಿಡಿದು ಎದ್ದರು. ಅವರ ಮಗಳು ಜಲಜ ಬಂದು ಕರೆದುಕೊಂಡು ಹೋದಳು.

ಇನ್ನು ಉಳಿದದ್ದು ನೀರು. ಒಂದು ಗಂಟೆಗೆ ದೇವೀರಕ್ಕ ಬಂದು ಹಳೆ ಎಂಜಿನ್ನಿನ ಮೇಲೆ ಒಂದು ಕೊಡ ತಣ್ಣೀರು ಸುರಿಯಬೇಕು. ಸುರಿದರೆ ಮುಗಿಯಿತು, ಹೇಳಿದ್ದು ಗಾಡಿಗೆ, ಹೇಳದ್ದು ಯಾರಿಗೂ ಇಲ್ಲ. ನನ್ನ ಬಳಿ ಮೂರು ಗಂಟೆ ಇತ್ತು.

ನಾನು ಕಂಬಳಿಯ ಕೆಳಗೆ ಕೈ ಹಾಕಿ ನೋಡಿದೆ. ಬಿಸಿಯಿತ್ತು. ಅಂಗಳದ ಆ ತುದಿಗೆ ಹೋಗಿ ಬಂದು ಮತ್ತೆ ಕೈ ಹಾಕಿದೆ.

"ಏನೋ ಅದು, ಜ್ವರ ಬಂದ ಮಗೂನ ಮುಟ್ಟಿ ನೋಡ್ದಂಗೆ ನೋಡ್ತಿದೀಯಾ?" ಎಂದ ಗವಿಯಪ್ಪ. ಹೊಸ ಎಂಜಿನ್ನಿನ ಬೆಲ್ಟು ಬಿಗಿ ಮಾಡುತ್ತಿದ್ದ.

"ಗವಿಯಪ್ಪ, ನೀನು ಕೇಳಿಸ್ಕೊಂಡ್ಯಾ? ಗಾಣದ ಹತ್ರ?"

"ನಾನಾ? ರೇಡಿಯೇಟರ್ ಪೈಪು ಸೋರ್ತಿತ್ತು, ಅದರ ಬಾಯಿಗೆ ಬಟ್ಟೆ ಹಿಡ್ಕೊಂಡು ಕೂತಿದ್ದೆ. ಕೇಳೋದಕ್ಕೆ ನೀನಿದೀಯಲ್ಲ." ತಲೆಯೆತ್ತಿ ನನ್ನನ್ನು ನೋಡಿದ. "ಯಾಕೆ?"

"ಏನಿಲ್ಲ."

"ಏನಿಲ್ಲ ಅಂದ್ರೆ ಮುಖ ಯಾಕೆ ಹಂಗಿದೆ? ತಿಂಡಿ ತಿಂದಿಲ್ವಾ?"

"ತಿಂದಿಲ್ಲ" ಎಂದೆ. ಅದಂತೂ ನಿಜವಾಗಿತ್ತು. ದಾರಿ ಹೇಳುವ ದಿನ ನೀರು ಸುರಿಯುವವರೆಗೂ ನಾನು ಏನೂ ಮುಟ್ಟುವುದಿಲ್ಲ.

ಗೋಡೆಯ ಕಡೆ ತಿರುಗಿ ಕೂತು ಪದ್ಯವನ್ನು ಮನಸ್ಸಿನಲ್ಲೇ ಮೊದಲಿನಿಂದ ಅವರ ದನಿಯಲ್ಲಿ ಕೇಳಿಸಿಕೊಳ್ಳಲು ನೋಡಿದೆ. ಗಾಣದ ಹತ್ತಿರ ಬಂದ ಕೂಡಲೇ ನನಗೆ ಗೊತ್ತಿರುವ ನುಡಿ ತಾನೇ ತಾನಾಗಿ ಬಂದು ಕೂರುತ್ತಿತ್ತು. ಅದು ಅವರ ದನಿಯೋ, ನನ್ನ ನೆನಪೋ ಬಿಡಿಸಲಾಗಲಿಲ್ಲ. ನಾಲ್ಕು ಸಲ ಕೇಳಿದೆ. ಎರಡು ಸಲ ಇತ್ತು, ಎರಡು ಸಲ ಇರಲಿಲ್ಲ. ಹನ್ನೆರಡು ಗಂಟೆಗೆ ಕಂಬಳಿಯ ಅಂಚಿನ ಕಡೆ ಎಂಜಿನ್ನು ಉಗುರುಬೆಚ್ಚಗಾಗಿತ್ತು. ನಡುವೆ ಇನ್ನೂ ಕಾವಿತ್ತು. ನಾನು ನರಹರಯ್ಯನವರ ಮನೆಗೆ ಓಡಿದೆ.

ಬಾಗಿಲಲ್ಲೇ ಜಲಜ ಸಿಕ್ಕಳು. "ಬಾ ಶಾಂತಣ್ಣ. ಅಪ್ಪ ಇವತ್ತು ಒಂದ್ ಸೌಟು ಅನ್ನ ಜಾಸ್ತಿ ಹಾಕಿಸ್ಕೊಂಡ್ರು. ಹೋದ ತಿಂಗಳೆಲ್ಲ ಮರೆವು ಮರೆವು ಅಂತ ಕೊರಗಿದ್ದೇ ಕೊರಗಿದ್ದು. ನನ್ನ ಹೆಸರೇ ಎರಡು ಸಲ ಮರೆತ್ರು ಗೊತ್ತಾ? ಇವತ್ತು ಒಂದು ಕಡೆಯೂ ತಡೀಲಿಲ್ಲ ಅಂತ ಗವಿಯಪ್ಪನ ಹೆಂಡತಿ ಹೇಳಿ ಹೋದಳು. ನನಗೆ ಹೋದ ಜೀವ ಬಂದಂಗಾಯ್ತು."

ಅವರು ಒಳಗೆ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಸವರುತ್ತಿದ್ದರು. ನಾನು ನಮಸ್ಕಾರ ಮಾಡಿ ದೂರ ಕೂತೆ.

"ಊಟ ಮಾಡದೆ ಬಂದಿದೀಯಲ್ಲೋ. ಇನ್ನೂ ನೀರು ಹಾಕಿಲ್ವೇ?"

"ಒಂದು ಗಂಟೆಗೆ ಗುರುಗಳೇ. ದೇವೀರಕ್ಕ ಐಸು ತರೋದಕ್ಕೆ ಹೋಗಿದಾಳೆ."

"ಹೂಂ." ಸುಣ್ಣ ಸವರಿದ ಎಲೆಗೇ ಮತ್ತೆ ಸುಣ್ಣ ಸವರಿದರು. "ಹೇಗಿತ್ತೋ ಇವತ್ತು?"

"ಚೆನ್ನಾಗಿತ್ತು."

"ಎಲ್ಲಾದರೂ ತಪ್ಪಿತೇನು?"

ಕೇಳುವುದಕ್ಕೆಂದು ನಾನು ಬಂದಿದ್ದ ಮಾತನ್ನು ಅವರೇ ಕೇಳಿದ್ದರು. ನಾನು ಬಾಯಿ ತೆರೆದರೆ ಆಗಿತ್ತು. ಒಳಗೆ ಜಲಜ ಪಾತ್ರೆ ತೊಳೆಯುತ್ತ ಸಣ್ಣಗೆ ಏನೋ ಗುನುಗುತ್ತಿದ್ದಳು. "ಇಲ್ಲ ಗುರುಗಳೇ" ಎಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಎಲೆಯನ್ನು ಮಡಿಸಿ, ಬಾಯಿಗೆ ಹಾಕಿಕೊಳ್ಳದೆ ತಟ್ಟೆಯಲ್ಲೇ ಇಟ್ಟರು.

ಬಿಸಿಲಿನಲ್ಲಿ ವಾಪಸು ಬರುವಾಗ ಎರಡು ಕಡೆಯಿಂದಲೂ ಲೆಕ್ಕ ಹಾಕಿದೆ. ಅವರು ಬಿಟ್ಟಿಲ್ಲವೆಂದಾದರೆ ನನ್ನ ಭ್ರಮೆಗೆ ಒಬ್ಬ ಮುದುಕರ ಬಾಳನ್ನು ಬೀದಿಗೆಳೆದ ಹಾಗೆ. ಬಿಟ್ಟಿದ್ದಾರೆಂದಾದರೆ ಸಂಜೆ ಆ ಗಾಡಿ ಗಾಣದ ಬಳಿ ಎಡಕ್ಕೆ ಮೂತಿ ಹಾಕಿ ನಿಲ್ಲುತ್ತದೆ. ದೇವೀರಕ್ಕ ಸ್ಟೇರಿಂಗ್ ಜಗ್ಗುತ್ತಾಳೆ, ಜಗ್ಗುತ್ತಾಳೆ, ಇಳಿದು ಮೂತಿಗೆ ಭುಜ ಕೊಡುತ್ತಾಳೆ. ಆಚೆ ಹದಿನೈದು ಮನೆಗಳ ಕೇರಿಯಲ್ಲಿ ಒಬ್ಬಳು ಏರಿಯ ಮೇಲೆ ಕೂತು ಧೂಳು ಏಳುವುದನ್ನೇ ಕಾಯುತ್ತಿರುತ್ತಾಳೆ. ಚಿಕ್ಕತಾಯಿಯನ್ನು ನಾನು ನೋಡಿಲ್ಲ. ಆದರೂ ಅವಳು ಕೂತಿರುವುದು ನನಗೆ ಕಾಣುತ್ತಿತ್ತು.

ನಾನು ಅಂಗಳಕ್ಕೆ ಬಂದಾಗ ದೇವೀರಕ್ಕ ಆಗಲೇ ಬಂದಿದ್ದಳು. ಒಂದು ಗಂಟೆಗೆ ಇನ್ನೂ ಕಾಲು ಗಂಟೆಯಿತ್ತು. ಐಸಿನ ಡಬ್ಬಿಗೆ ಒದ್ದೆ ಗೋಣಿ ಸುತ್ತಿ ಸೀಟಿನ ಮೇಲೆ ಇಟ್ಟಿದ್ದಳು. ಸೊಂಟದ ಮೇಲೆ ಕೊಡ.

"ಬಣ್ಣ ಚೆನ್ನಾಗಿದೆ ಮೇಸ್ತ್ರಿ. ಹೊಸ ಮದುವಣಗಿತ್ತಿ ಆಗೋಗಿದೆ ನನ್ ಗಾಡಿ. ನಾನೇ ಮುದುಕಿ ಕಾಣ್ತೀನಿ ಇದರ ಪಕ್ಕ."

"ಯಾರ್ ಅಕ್ಕ ಹಂಗಂದೋರು? ಒಂದು ಕೋಟು ಹೊಡೆದುಬಿಡ್ಲಾ ನಿಂಗೂ? ಡಬ್ಬದಲ್ಲಿ ಉಳಿದಿದೆ."

"ತಂಗಿ ಗುರುತು ಹಿಡೀಬೇಕಲ್ಲಯ್ಯ! ಮೊದ್ಲೇ ಅವಳಿಗೆ ಕಣ್ಣು ಮಂಜು. ನಾನು ಹೋಗಿ ಇಳಿದ್ರೆ ನನ್ನ ಮುಖ ನೋಡಲ್ಲ, ಡಬ್ಬಿ ಎಲ್ಲಿ ಅಂತಾಳೆ." ನಗುತ್ತಲೇ ಕಂಬಳಿ ಸರಿಸಿದಳು. ಒಂದನ್ನು, ಎರಡನ್ನು, ಮೂರನೆಯದನ್ನು. ಎಂಜಿನ್ನಿನ ನೆತ್ತಿಯ ಮೇಲೆ ಅಂಗೈ ಇಟ್ಟಳು. "ಇನ್ನೂ ಬಿಸಿ ಇದೆ ಪಾಪ. ಬಹಳ ದುಡಿದಿದೆ." ಕೊಡವನ್ನು ಎತ್ತಿ ಭುಜದ ಮಟ್ಟಕ್ಕೆ ತಂದಳು.

ನನ್ನ ಕೈ ಮೇಲಿತ್ತು. ಯಾವಾಗ ಎತ್ತಿದೆನೋ ನನಗೆ ತಿಳಿಯದು. ಮೂವತ್ತೊಂದು ವರ್ಷದಲ್ಲಿ ಎತ್ತದ ಕೈ, ಹೇಳುವವರೇ ಇಲ್ಲದ ಅಂಗಳದಲ್ಲಿ ಒಣಗಿದ ಕೊಂಬೆಯ ಹಾಗೆ ನಿಂತಿತ್ತು.

ಗವಿಯಪ್ಪನ ಕೈಯಿಂದ ಬಟ್ಟೆ ಜಾರಿತು. "ಏ ಶಾಂತಯ್ಯ, ಮಂಗಳ ಆಗಿದೆ ಕಣೋ. ಕೈ ಇಳಿಸು."

"ಮತ್ತೆ ಹೇಳಿಸಬೇಕು" ಎಂದೆ.

"ಅಯ್ನೋರು ಬಿಟ್ರಾ?"

ದೇವೀರಕ್ಕ ಕೊಡವನ್ನು ಇಳಿಸಿರಲಿಲ್ಲ. ಅದರ ಅಂಚಿನಿಂದ ಒಂದೊಂದೇ ಹನಿ ಅವಳ ಪಾದದ ಮೇಲೆ ಬೀಳುತ್ತಿತ್ತು. "ನಾನು ಕೇಳಲಿಲ್ಲ" ಎಂದೆ. "ಗಾಣದ ಹತ್ತಿರ ನನಗೆ ಗಮನ ತಪ್ಪಿತು. ತಪ್ಪು ನನ್ನದು."

ಸುಳ್ಳಾಗಿರಲಿಲ್ಲ. ಪೂರಾ ನಿಜವೂ ಆಗಿರಲಿಲ್ಲ. ಗವಿಯಪ್ಪ ನನ್ನನ್ನು ನೋಡಿದ ನೋಟದಲ್ಲಿ ಬೈಗುಳವೂ ಇತ್ತು, ಇನ್ನೇನೋ ಇತ್ತು. ಕಂಬಳಿಗಳನ್ನು ಒಂದೊಂದಾಗಿ ಮತ್ತೆ ಹೊದಿಸಿ, ನರಹರಯ್ಯನವರ ಮನೆಗೆ ತಾನೇ ಹೋದ. ದೇವೀರಕ್ಕ ನನ್ನ ಹತ್ತಿರ ಬಂದಳು.

"ಗಾಣದ ಹತ್ರ ಅಂದ್ರೆ ನನ್ ತಂಗಿ ದಾರಿ. ಅಲ್ವಾ?"

"ಹೌದು ಅಕ್ಕ."

"ಮೂರು ಗಂಟೆ ಸುಮ್ನಿದ್ದೆ ನೀನು."

ಅವಳು ಕೊಡವನ್ನು ನೆಲಕ್ಕಿಟ್ಟು, ಸೆರಗಿನಿಂದ ಪಾದ ಒರೆಸಿಕೊಂಡಳು. ಬೈದಿದ್ದರೆ ಸುಲಭವಾಗುತ್ತಿತ್ತು.

ನರಹರಯ್ಯನವರು ಗವಿಯಪ್ಪನ ಭುಜ ಹಿಡಿದು ಬಂದರು. ನನ್ನ ಕಡೆ ನೋಡಲಿಲ್ಲ. ಮಣೆಯ ಮೇಲೆ ಕೂತು, ಪಕ್ಕದ ಖಾಲಿ ಮಣೆಯನ್ನು ತೋರಿಸಿ, "ಯಾರು ಕೂರ್ತಾರೆ?" ಎಂದರು.

"ನಾನು ಕೂರ್ತೀನಿ" ಎಂದಳು ದೇವೀರಕ್ಕ.

"ನಿಂಗೆ ಎಲ್ಲ ದಾರಿ ಎಲ್ಲಿ ಬರುತ್ತಕ್ಕ?" ಎಂದ ಗವಿಯಪ್ಪ.

"ಇನ್ಯಾರಿಗಯ್ಯ ಬರುತ್ತೆ? ಇದೇ ಗಾಡೀಲಿ ಇಪ್ಪತ್ತು ವರ್ಷ ಓಡಾಡಿದೀನಿ. ಪದ್ಯ ಬರ್ದೆ ಇದ್ರೂ ತಿರುವು ಬರುತ್ತೆ. ಒಂದು ತಿರುವಂತೂ ಸತ್ರೂ ಮರೆಯಲ್ಲ."

ನಾನು ಅಂಗಳ ದಾಟಿ ಗೇಟಿನ ಹೊರಗೆ ಬಂದೆ. ಗೇಟು ಮುಚ್ಚಿದರು. ರಸ್ತೆಯ ಆ ಬದಿಯ ಗೋಡೆಗೆ ಒರಗಿ ನಿಂತೆ. ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಬೆಳಗಿನ ಕಂಠ ಅದಲ್ಲ. ದಣಿದಿತ್ತು, ನಡುನಡುವೆ ಕೆಮ್ಮು. ಏರಿಳಿತದಿಂದಲೇ ಎಲ್ಲಿಗೆ ಬಂದರೆಂದು ಲೆಕ್ಕ ಹಾಕುತ್ತಿದ್ದೆ. ಓಣಿಗಳು. ತೂಬು. ತೋಪು. ಒಳಗೆ ಎಂಜಿನ್ನು ಎಷ್ಟು ಬಿಸಿ ಉಳಿದಿದೆಯೋ ಮುಟ್ಟಿ ನೋಡಲು ನನ್ನ ಅಂಗೈ ಗೋಡೆಯನ್ನು ಸವರುತ್ತಿತ್ತು. ಹಳ್ಳದ ದಾಟು. ಆಮೇಲೆ ರಾಗ ಮೇಲಕ್ಕೆ ಹೋಯಿತು, ಬೆಳಿಗ್ಗೆ ಹೋದ ಹಾಗೆಯೇ, ಅಷ್ಟು ಎತ್ತರಕ್ಕಲ್ಲ. ತೂಗಿತು. ಇಳಿಯಿತು. ಇಳಿದದ್ದು ಯಾವ ಕಡೆಗೆ?

ದನಿ ಅರ್ಧಕ್ಕೆ ತುಂಡಾಯಿತು. ಆಮೇಲೆ ದೇವೀರಕ್ಕನ ಗಂಟಲು, ಸಂತೆಯಲ್ಲಿ ಕೂಗಿ ಕೂಗಿ ಪಳಗಿದ್ದು, ಗೋಡೆಯಾಚೆಗೂ ಒಂದಕ್ಷರ ಬಿಡದೆ ಕೇಳಿಸಿತು. "ಅಯ್ನೋರೇ, ನನ್ ತಂಗೀನ ಬಿಟ್ಟು ಸೀದಾ ಸಂತೆಗೆ ಹೋಗ್ಬಿಟ್ರಲ್ಲ!"

ಆಮೇಲೆ ನಗು. ಮೊದಲು ಅವಳದು, ಅದರ ಮೇಲೆ ಗವಿಯಪ್ಪನದು, ಕೊನೆಗೆ ಆ ಮುದುಕರದು, ಕೆಮ್ಮಿನ ನಡುವೆ. "ಹೌದಲ್ಲ ತಾಯಿ, ಹೌದಲ್ಲ" ಎಂದಿರಬೇಕು. ದನಿ ಹಿಂದಕ್ಕೆ ಹೋಯಿತು, ಗಾಣವನ್ನು ಮತ್ತೆ ಹಿಡಿಯಿತು, ಈ ಸಲ ತೂಗದೆ ನೆಟ್ಟಗೆ ಬಲಕ್ಕೆ ಇಳಿಯಿತು. ಅಷ್ಟೇ. ಒಂದು ಕೈ, ಒಂದು ಮಾತು, ಒಂದು ನಗು. ಯಾರಿಗೂ ಏನೂ ಆಗಲಿಲ್ಲ. ನಾನು ರಸ್ತೆಯ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ.

ಮೂರೂವರೆಗೆ ಮಂಗಳ ಕೇಳಿಸಿತು, ಹಿಂದೆಯೇ ಬಿಸಿ ಕಬ್ಬಿಣದ ಮೇಲೆ ನೀರು ಬಿದ್ದ ಸದ್ದು. ಸಣ್ಣ ಸದ್ದು, ಆದರೆ ಸುಯ್ಯೆಂದಿತು. ಬಿಸಿ ಉಳಿದಿತ್ತು. ಗೇಟು ತೆಗೆದರು. ನರಹರಯ್ಯನವರು ಒಬ್ಬರೇ ಹೊರಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಹುಡುಕಿ, ನಾನಿದ್ದಲ್ಲಿಗೆ ಬಂದರು.

"ಏಳು. ಮನೆ ತನಕ ಬಿಡು ನನ್ನ."

ಎದ್ದೆ. ಅವರು ನನ್ನ ಭುಜ ಹಿಡಿದರು. ನಾಲ್ಕು ಮನೆ ದಾಟಿದೆವು.

"ನಾನು ಕೇಳಿದೆನಲ್ಲೋ" ಎಂದರು. "ಎಲ್ಲಾದರೂ ತಪ್ಪಿತೇನು ಅಂತ ಬಾಯಿ ಬಿಟ್ಟು ಕೇಳಿದೆ."

"ನನಗೆ ಗಮನ ತಪ್ಪಿತ್ತು ಗುರುಗಳೇ."

"ನನ್ನ ಹತ್ತಿರ ಬೇಡ ಅದು." ದನಿಯಲ್ಲಿ ಕೋಪವಿರಲಿಲ್ಲ. "ನನಗೆ ನಮಸ್ಕಾರ ಮಾಡೋರು ಊರಲ್ಲಿ ಬೇಕಾದಷ್ಟು ಜನ ಇದಾರೆ. ಪಕ್ಕದಲ್ಲಿ ಕೈ ಎತ್ತೋನು ಒಬ್ಬ ಬೇಕಾಗಿತ್ತು. ನೀನು ಅವನು ಅಂತ ತಿಳಿದಿದ್ದೆ. ಅದಕ್ಕೇ ಈ ಮರೆವಿನಲ್ಲೂ ಧೈರ್ಯವಾಗಿ ಹೇಳೋದಕ್ಕೆ ಕೂತೆ."

ಹಿಂದಿನಿಂದ ಡೀಸೆಲ್ ಎಂಜಿನ್ನಿನ ಸದ್ದು ಬಂತು, ಊರಿಗೆ ಇನ್ನೂ ಹೊಸದಾದ ದಪ್ಪ ಸದ್ದು. ನಾವು ಬದಿಗೆ ನಿಂತೆವು. ದೇವೀರಕ್ಕ ಹಾರನ್ ಒತ್ತಿದಳೇ ಹೊರತು ನಮ್ಮ ಕಡೆ ನೋಡಲಿಲ್ಲ. ಅವಳ ಎರಡು ಕೈಯೂ ಸ್ಟೇರಿಂಗಿನ ಮೇಲಿದ್ದವು, ಕಣ್ಣು ರಸ್ತೆಯ ಮೇಲಿತ್ತು. ಬೀದಿ ಮುಗಿಯುವಲ್ಲಿ ಕಲ್ಲುಗಾಣ. ಗಾಡಿ ಗಾಣವನ್ನು ಕಳೆದು ನಿಧಾನವಾಯಿತು. ನಿಂತಿತು. ಎಂಜಿನ್ನು ಗುರ್ರೆನ್ನುತ್ತಲೇ ಇತ್ತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಹಿಂದಿನ ಹೊಸ ಹಲಗೆಗಳು ನಡುಗುತ್ತಿದ್ದುದು ನಮಗೆ ಕಾಣುತ್ತಿತ್ತು.

ಗಾಡಿ ಬಲಕ್ಕೆ ಹೊರಳಿತು. ಗಾಣದ ಗೋಡೆಯ ಹಿಂದೆ ಮೂತಿ ಮರೆಯಾಯಿತು, ಬಾಗಿಲು ಮರೆಯಾಯಿತು, ಹಲಗೆಗಳು ಮರೆಯಾದವು. ಚೌಳು ಬಯಲಿನ ಕಡೆಯಿಂದ ಧೂಳು ಎದ್ದಿತು. ಆಗ ನನ್ನ ಭುಜದ ಮೇಲಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾದವು, ಅವರು ಅಷ್ಟು ಹೊತ್ತು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದರೆಂದು ನನಗೆ ತಿಳಿದದ್ದು ಆಗಲೇ.